ಘಟ್ಟದ ಮೇಲೆ ನಾನು ಕಟ್ಟಿದ ಕೆರೆ

ಕೆರೆ ಕಟ್ಟಿಸುವುದು ದೊಡ್ಡ ಪುಣ್ಯದ ಕೆಲಸವೆಂದು ಕೇಳುತ್ತ ಬೆಳೆದವನು ನಾನು. ಆದರೆ ಹಾರೆ ಗುದ್ದಲಿ ಮುಟ್ಟದೆ, ಕುರ್ಚಿಯಿಂದ ಏಳದೆ, ಮಧ್ಯಾಹ್ನದ ಚಹಾ ಬರುವುದರೊಳಗೆ ಒಂದು ಕೆರೆ ಕಟ್ಟಿ ಮುಗಿಸಿದವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು. ಕೆರೆ ಸಣ್ಣದೇನಲ್ಲ. ಅದರೊಳಗೆ ಒಂದು ಶಾಲೆ, ಒಂದು ಮಾರುತಿ ಗುಡಿ, ಹದಿನಾಲ್ಕು ಮನೆಗಳು ಮುಳುಗಿದ್ದವು. ಮುಳುಗಿದವರಿಗೆ ಮಾತ್ರ ಆ ಸುದ್ದಿ ತಲುಪಲು ಎರಡು ತಿಂಗಳು ಬೇಕಾಯಿತು.

ನಾನು ಧಾರವಾಡದಲ್ಲಿ ನಕಾಶೆ ತೆಗೆಯುವುದನ್ನು ಕಲಿತು, ಪುಣೆಯಲ್ಲಿ ಅದನ್ನೇ ತೆಗೆಯುತ್ತ ಮುದುಕನಾದವನು. ಕರಿ ಶಾಯಿ, ಟ್ರೇಸಿಂಗ್ ಹಾಳೆ, ತಪ್ಪಿದ ಗೆರೆಯನ್ನು ಕೆರೆದು ತೆಗೆಯಲು ಅರ್ಧ ಬ್ಲೇಡು, ಇವಿಷ್ಟೇ ನನ್ನ ವಿದ್ಯೆ. ನಿವೃತ್ತನಾದ ಮೇಲೆ ಬಿಬವೇವಾಡಿಯ ಮನೆಯಲ್ಲಿ ಪೇಪರು ಓದುತ್ತ, ಓದಿದ್ದನ್ನು ಹೆಂಡತಿಗೆ ವಿವರಿಸುತ್ತ ಸುಖವಾಗಿದ್ದೆ. ವಿವರಣೆ ಕೇಳಿ ಬೇಸತ್ತ ಆಕೆಯೇ ಪರಿಚಯದವರ ಕಡೆ ಮಾತಾಡಿ, ಹಡಪಸರದ ಒಂದು ಕಚೇರಿಯಲ್ಲಿ ನನಗೆ ಕೆಲಸ ಹುಡುಕಿದಳು. ಹಳೆಯ ಕಾಗದದ ನಕಾಶೆಗಳನ್ನು ಓದಬಲ್ಲ ಹಳೆಯ ಮನುಷ್ಯ ಬೇಕು ಎಂಬುದು ಅವರ ಬೇಡಿಕೆಯಾಗಿತ್ತಂತೆ. ಎರಡನೆಯ ಅರ್ಹತೆ ನನ್ನಲ್ಲಿ ಎದ್ದು ಕಾಣುತ್ತಿತ್ತು.

ಕೆಲಸ ಹೇಳುವುದಾದರೆ ಹೀಗೆ. ಪುಣೆಯ ಪಶ್ಚಿಮಕ್ಕೆ ಘಟ್ಟದ ಮೇಲಿರುವ ವಾಡಿಗಳಲ್ಲಿ, ಅಂದರೆ ಸಣ್ಣ ಹಳ್ಳಿಗಳಲ್ಲಿ, ಮಳೆಗಾಲಕ್ಕೊಮ್ಮೆ ಹಳ್ಳಗಳು ಏರುತ್ತವೆ. ನೀರು ಎಲ್ಲಿ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ತಿಳಿದು, ಮನೆ ಕಟ್ಟುವವರನ್ನು ಆ ಜಾಗದಿಂದ ದೂರ ಇಡಬೇಕೆಂದು ಸರಕಾರದ ಆಸೆ. ನೆಲದ ಎತ್ತರವನ್ನು ಉಪಗ್ರಹ ಕೊಡುತ್ತದೆ. ಹಳ್ಳ ಎಲ್ಲಿ, ರಸ್ತೆ ಎಲ್ಲಿ ಎಂಬುದನ್ನು ಹಳೆಯ ನಕಾಶೆ ನೋಡಿ ನನ್ನಂಥವರು ಪರದೆಯ ಮೇಲೆ ತಿದ್ದಬೇಕು. ಆಮೇಲೆ ಕಂಪ್ಯೂಟರು ತನ್ನ ಮಳೆಯನ್ನು ತಾನೇ ಸುರಿಸಿ, ನೀರು ನಿಂತಲ್ಲೆಲ್ಲ ನೀಲಿ ಬಳಿಯುತ್ತದೆ. ಆ ಮಳೆಗೆ ಗುಡುಗಿಲ್ಲ, ಮಿಂಚಿಲ್ಲ, ಕೊಡೆ ಬೇಕಿಲ್ಲ. ಎರಡು ನಿಮಿಷಕ್ಕೆ ಒಂದು ಇಡೀ ಮಳೆಗಾಲ ಮುಗಿಯುತ್ತದೆ.

ನನ್ನ ಮೇಲಧಿಕಾರಿ ಬೆಂಗಳೂರಿನ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಆಕೆ ನನ್ನನ್ನು ಸರ್ ಎನ್ನುತ್ತಿದ್ದಳು, ನಾನು ಆಕೆಯನ್ನು ಮೇಡಂ ಎನ್ನುತ್ತಿದ್ದೆ. ಇಬ್ಬರಲ್ಲಿ ಯಾರು ದೊಡ್ಡವರೆಂಬ ಪ್ರಶ್ನೆ ಹೀಗೆ ಬಗೆಹರಿಯದೆ ಉಳಿದು, ಕಚೇರಿಯಲ್ಲಿ ಶಾಂತಿ ನೆಲೆಸಿತ್ತು.

ಇನ್ನು ಕೆರೆಯ ವಿಷಯ. ಧಾರವಾಡದಲ್ಲಿ ನನಗೆ ಗೆರೆ ಕಲಿಸಿದ ಹಿರಿಯರೊಬ್ಬರು ಹಳ್ಳ ಮತ್ತು ರಸ್ತೆ ಕೂಡುವಲ್ಲಿ ಭಾಳ ಕಟ್ಟುನಿಟ್ಟು. ಹಳ್ಳದ ಗೆರೆ ರಸ್ತೆಯ ಅಂಚಿಗೆ ಬಂದು ನಿಲ್ಲಬೇಕು, ಆಚೆಯ ಅಂಚಿನಿಂದ ಮತ್ತೆ ಶುರುವಾಗಬೇಕು. ನಡುವೆ ಹಾಳೆ ಬೆಳ್ಳಗಿರಬೇಕು. “ಹಳ್ಳ ರಸ್ತೆ ಕೆಳಗ ಮೋರಿಯೊಳಗ ಹೋಗತದ, ರಸ್ತೆ ಮ್ಯಾಲೆ ಹೋಗಂಗಿಲ್ಲ. ಕಾಣಲಾರದ್ದನ್ನ ತಗೀಬ್ಯಾಡ” ಎಂದು ಅವರು ಅಡಿಪಟ್ಟಿಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದು ಹೇಳಿದ್ದರು. ಗೆಣ್ಣು ಆ ಪಾಠವನ್ನು ಮರೆಯಲಿಲ್ಲ. ಕಂಪ್ಯೂಟರಿನ ಮುಂದೆ ಕೂತಾಗಲೂ ಹಳ್ಳವನ್ನು ರಸ್ತೆಯ ತನಕ ತಂದು, ಅಲ್ಲಿ ಗೌರವದಿಂದ ನಿಲ್ಲಿಸಿ, ಆಚೆ ಹೋಗಿ ಮತ್ತೆ ಎತ್ತಿಕೊಳ್ಳುತ್ತಿದ್ದೆ.

ಕಂಪ್ಯೂಟರಿಗೆ ಧಾರವಾಡದ ಸಂಸ್ಕಾರವಿಲ್ಲ. ಗೆರೆ ನಿಂತಿತೆಂದರೆ ಹಳ್ಳ ನಿಂತಿತು ಎಂದೇ ಅದರ ತಿಳಿವಳಿಕೆ. ಸಣ್ಣಪುಟ್ಟ ಬಿಡುವುಗಳನ್ನೇನೋ ಅದು ತಾನೇ ಹೊಲಿದುಕೊಳ್ಳುತ್ತಿತ್ತು. ಆದರೆ ಈ ಒಂದು ವಾಡಿಯ ರಸ್ತೆಯನ್ನು ಈಚೆಗೆ ಅಗಲ ಮಾಡಿ, ಮಣ್ಣು ತುಂಬಿ ಎತ್ತರಿಸಿದ್ದರು. ಹಾಗಾಗಿ ಅಲ್ಲಿ ನಾನು ಬಿಟ್ಟ ಜಾಗವೂ ಸ್ವಲ್ಪ ಅಗಲ. ಅರ್ಧ ಅಕ್ಕಿಕಾಳಿನಷ್ಟು. ಅಷ್ಟರಲ್ಲೇ ಗುಡ್ಡದ ನೀರೆಲ್ಲ ಬಂದು, ರಸ್ತೆಗೆ ಅಡ್ಡ ನಿಂತು, ಹಿಂದಕ್ಕೆ ತುಂಬಿಕೊಂಡಿತು. ಪರದೆಯ ಮೇಲೆ ಕೆರೆ ಎಷ್ಟು ಚೆಂದ ಕಂಡಿತೆಂದರೆ, ಮೇಡಂ ಅದನ್ನೇ ವರದಿಯ ಮುಖಪುಟಕ್ಕೆ ಹಾಕಿದಳು. ನಾನು ಒಂದು ಪ್ರತಿ ಮನೆಗೂ ಒಯ್ದೆ.

ಸರಕಾರ ಆ ನಕಾಶೆಯನ್ನು ನಾವು ಯಾರೂ ನಿರೀಕ್ಷಿಸದಷ್ಟು ಶ್ರದ್ಧೆಯಿಂದ ಓದಿತು. ಮುಂದೆ ನಡೆದದ್ದನ್ನು ನಾನು ವಾಡಿಯವರ ಬಾಯಿಂದಲೇ ಕೇಳಿದ್ದು. ಮೊದಲು ಊರ ಹೊರಗೆ ಇದು ಪ್ರವಾಹದ ಕ್ಷೇತ್ರವೆಂದು ಬೋರ್ಡು ಬಂತು. ಬೋರ್ಡಿನ ಹಿಂದೆ ಬೋಟು ಬಂತು. ಕಿತ್ತಳೆ ಬಣ್ಣದ ಬೋಟನ್ನು ಹೊತ್ತ ಟ್ರಕ್ಕು ಘಟ್ಟದ ಕೊನೆಯ ತಿರುವಿನಲ್ಲಿ ಹಿಡಿಸದೆ, ಎಂಟು ಜನ ಅದನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿಸಿದರು. ಮೇ ತಿಂಗಳಲ್ಲಿ ತಾಲೂಕಿನ ಅಧಿಕಾರಿ, ಅವರನ್ನು ಎಲ್ಲರೂ ಭಾವುಸಾಹೇಬ ಎನ್ನುತ್ತಿದ್ದರು, ಪ್ರವಾಹದ ತಾಲೀಮು ಮಾಡಿಸಲು ಸೀಟಿ ಹಿಡಿದು ಬಂದು, ಶಾಲೆಯ ಅಂಗಳದಲ್ಲಿ ಬೋಟು ಇಡಿಸಿ, ನೀರು ಬಂದಿದೆಯೆಂದು ಎಲ್ಲರೂ ಭಾವಿಸಬೇಕೆಂದು ಆಜ್ಞೆ ಮಾಡಿದರು. ಜನ ಭಾವಿಸಿದರು. ಬೋಟಿನಲ್ಲಿ ಕೂತು ಹುಟ್ಟುಗಳಿಂದ ಧೂಳು ಎಬ್ಬಿಸಿದರು. ಹೊತ್ತಲ್ಲದ ಹೊತ್ತಿನಲ್ಲಿ ಕುಡಿಯುವ ನೀರಿನ ಟ್ಯಾಂಕರು ಬಂದುಬಿಟ್ಟಿತು. ಘಟ್ಟದಲ್ಲಿ ಮಳೆ ಎಷ್ಟೇ ಬೀಳಲಿ, ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಹೆಂಗಸರೆಲ್ಲ ಕೊಡ ಹಿಡಿದು ಬೋಟಿನಿಂದ ಹಾರಿ ಓಡಿದರು. ಪ್ರವಾಹದ ನಡುವೆ ನಿವಾಸಿಗಳು ಅನುಮತಿಯಿಲ್ಲದೆ ಬೋಟು ಬಿಟ್ಟು ನೀರು ತರಲು ಹೋದರೆಂದು ಭಾವುಸಾಹೇಬರು ವರದಿ ಬರೆದರು.

ಇಷ್ಟೇ ಆಗಿದ್ದರೆ ನನ್ನ ಕೆರೆ ಒಂದು ನಿರುಪದ್ರವಿ ಕೆರೆಯಾಗಿ ಉಳಿಯುತ್ತಿತ್ತು. ಒಬ್ಬ ಗೃಹಸ್ಥ ಅದರ ಭರವಸೆಯ ಮೇಲೆ ಮೀನು ಸಾಕಲು ಅರ್ಜಿಯನ್ನೂ ಹಾಕಿದ್ದನಂತೆ.

ಆದರೆ ಒಂದು ದಿನ ಬೆಳಿಗ್ಗೆ ಹಡಪಸರದ ನಮ್ಮ ಕಚೇರಿಗೆ, ಮೂರು ಬಸ್ಸು ಬದಲಿಸಿ, ಒಬ್ಬ ಹೆಂಗಸು ಬಂದಳು. ಕಚ್ಚೆ ಸೀರೆ, ಕೈಯಲ್ಲಿ ಸುರುಳಿ ಸುತ್ತಿದ ನಮ್ಮ ನಕಾಶೆ. ಈ ಕೆರೆ ಮಾಡಿದ ಸಾಹೇಬ ಯಾರು ಎಂದು ಬಾಗಿಲಲ್ಲೇ ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ಅವಳನ್ನು ನಾನು ಊರ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆದೆ, ವಯಸ್ಸಿನಲ್ಲಿ ಮಾತ್ರ ನನಗಿಂತ ಚಿಕ್ಕವಳಿರಬೇಕು. ಅವಳ ಮಾತೆಲ್ಲ ಮರಾಠಿ. ನಾನು ಕೇಳಿಸಿಕೊಂಡದ್ದು ಕನ್ನಡದಲ್ಲಿ, ಬರೆಯುತ್ತಿರುವುದೂ ಹಾಗೆಯೇ.

ಹೋದ ಮಳೆಗಾಲದಲ್ಲಿ ಅವಳ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಅಲ್ಲಿಂದ ತಗಡು, ತಾಡಪತ್ರಿ ಕಟ್ಟಿಕೊಂಡು ದಿನ ದೂಡಿದ್ದಳು. ಮಗ ದೂರದ ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಸೊಸೆ ಬಸುರಿ, ಮನೆಯಲ್ಲಿ ಜೊತೆಗಿರುವವಳು ಅವಳೊಬ್ಬಳೇ. ಸರಕಾರಿ ಯೋಜನೆಯಲ್ಲಿ ಹೊಸ ಮನೆ ಮಂಜೂರಾಗಿ, ಕಲ್ಲು ಕೂಡ ಅಂಗಳಕ್ಕೆ ಬಂದು ಬಿದ್ದಿದ್ದವು. ಆಗ ನಮ್ಮ ನಕಾಶೆ ಹೋಯಿತು. ಜಾಗ ಕೆರೆಯೊಳಗಿದೆ, ಕೆರೆಯೊಳಗೆ ಮನೆ ಕಟ್ಟಲು ಬರುವುದಿಲ್ಲ ಎಂದು ತಾಲೂಕಿನಲ್ಲಿ ತಡೆದರು. ಮೃಗಶಿರಾ ಮಳೆ ಬರುವುದರೊಳಗೆ ಪಾಯ ಏಳದಿದ್ದರೆ ಈ ಮಳೆಗಾಲವೂ ತಗಡಿನ ಕೆಳಗೆ.

“ಸಾಹೇಬ್ರ, ನಾ ಆ ಊರಿಗೆ ಲಗ್ನಾಗಿ ಬಂದಾಕಿ. ಕೆರಿ ಅಂತೂ ನೋಡಿಲ್ಲ. ಎಲ್ಲಿ ಅದ ಒಮ್ಮೆ ತೋರಸ್ರಿ, ಅರಬಿ ಒಗದುಕೊಂಡು ಹೋಗ್ತೀನಿ” ಎಂದಳು.

ನಾನು ಗಂಭೀರವಾಗಿ ಕನ್ನಡಕ ಹಾಕಿಕೊಂಡು ನಕಾಶೆ ಬಿಡಿಸಿದೆ. ಬಿಡಿಸಿದ ಕ್ಷಣವೇ ಅರ್ಧ ಅಕ್ಕಿಕಾಳು ಕಣ್ಣಿಗೆ ಹೊಡೆಯಿತು. ರಸ್ತೆಯ ಈಚೆ ಗೆರೆ, ಆಚೆ ಗೆರೆ, ನಡುವೆ ನನ್ನ ಗುರುಭಕ್ತಿ. ನಾನು ಏನು ಮಾಡಬೇಕಿತ್ತೋ ಅದನ್ನು ಮಾಡಲಿಲ್ಲ. ಪರಿಶೀಲಿಸುತ್ತೇವೆ ಎಂದೆ. ಅವಳು ತಲೆಯಾಡಿಸಿ, ಆ ಶಬ್ದ ತಾಲೂಕಿನಲ್ಲೂ ಕೇಳಿದ್ದೇನೆ ಎಂದು ಹೇಳಿ, ಮೂರು ಬಸ್ಸು ಹಿಡಿಯಲು ಹೋದಳು.

ಸಂಜೆ ಊಟಕ್ಕೆ ಕೂತು ಹೆಂಡತಿಗೆ ವಿಷಯ ಹೇಳಿದೆ. ಹೇಳುವಾಗ ನನ್ನ ತಪ್ಪಿನ ಭಾಗವನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಹೇಳಿ, ರೊಟ್ಟಿ ಭಾಳ ಚಲೋ ಆಗಿವೆ ಎಂದು ಸೇರಿಸಿದೆ. ಆಕೆ ಬಡಿಸುವುದನ್ನು ನಿಲ್ಲಿಸಿದಳು.

“ಊರ ಮುಳಗಿಸಿ ಬಂದು ರೊಟ್ಟಿ ಚಲೋ ಆಗ್ಯಾವ ಅಂತೀರಲ್ಲ.”

ನಲವತ್ತು ವರ್ಷ ಗೆರೆ ತೆಗೆದವನ ಮಾನದ ಪ್ರಶ್ನೆಯೂ ಇದೆ ಎಂದೆ.

“ಆಕಿದು ಗ್ವಾಡಿ ಬಿದ್ದದ. ನಿಮ್ಮ ಮಾನ ಬಿದ್ರ ನಾ ಎತ್ತಿ ಕೊಡ್ತೀನಿ. ನಾಳೆ ಹೋಗಿ ಹೇಳ್ರಿ.”

ಮರುದಿನ ಹೇಳಿದೆ. ಮೇಡಂ ಪರದೆಯ ಮೇಲೆ ಆ ಜಾಗವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

“ಸರ್, ಅಲ್ಲಿ ಕಲ್ವರ್ಟ್ ಇದೆ ಅಂತ ಗೊತ್ತಿದ್ದೂ ನೀವೇ ಲೈನ್ ಕಟ್ ಮಾಡಿದ್ರಾ?”

“ಮರ್ಯಾದೆಗೆ ಕಡದೆ ಮೇಡಂ.”

“ಯಾರ ಮರ್ಯಾದೆಗೆ?”

“ರಸ್ತೆದು.”

ಆಕೆ ನಗಲಿಲ್ಲ, ಬೈಯಲೂ ಇಲ್ಲ. ಗೆರೆ ಕೂಡಿಸುವುದು ಒಂದು ಚಿಟಿಕೆಯ ಕೆಲಸ, ಆದರೆ ಸರಕಾರಕ್ಕೆ ಹೋದ ನಕಾಶೆಯನ್ನು ತಿದ್ದಬೇಕಾದರೆ ಸ್ಥಳಕ್ಕೆ ಹೋಗಿ ಸಾಕ್ಷಿ ತರಬೇಕು ಎಂದು ವಿವರಿಸಿದಳು. ಸಾಕ್ಷಿಯೆಂದರೆ ಮೋರಿಯ ಫೋಟೋ. ಈ ಬಾಯಿಂದ ನೋಡಿದರೆ ಆ ಬಾಯಿಯ ಬೆಳಕು ಕಾಣಬೇಕು. ಅಷ್ಟಾದರೆ ಕೆರೆ ಇಳಿಯುತ್ತದೆ.

ಹೀಗೆ ನಾವಿಬ್ಬರೂ ಕಚೇರಿಯ ಜೀಪಿನಲ್ಲಿ ನನ್ನ ಕೆರೆಯ ತಳಕ್ಕೆ ಹೋದೆವು. ತಳದಲ್ಲಿ ಬಿಸಿಲು ಸುಡುತ್ತಿತ್ತು. ಶಾಲೆಯ ಅಂಗಳದಲ್ಲಿ ಬೋಟಿನ ನೆರಳಿಗೆ ಆಡುಗಳು ಮಲಗಿದ್ದವು. ಮಾವಶಿ ನಮ್ಮನ್ನು ತಾನೇ ಮೋರಿಗೆ ಕರೆದುಕೊಂಡು ಹೋದಳು. ನಾನು ಮೊಣಕಾಲೂರಿ, ಫೋನು ಹಿಡಿದು ಒಳಗೆ ಇಣುಕಿದೆ.

ಒಳಗೆ ಬೆಳಕಿರಲಿಲ್ಲ. ಒಳಗೆ ಮೋರಿಯೇ ಇರಲಿಲ್ಲ ಎನ್ನಬಹುದು. ಮಣ್ಣು, ಕಲ್ಲು, ಟೊಂಗೆ, ಸಿಮೆಂಟಿನ ಖಾಲಿ ಚೀಲಗಳು, ಯಾರದೋ ಮಂಚದ ಎರಡು ಕಾಲು. ರಸ್ತೆ ಅಗಲ ಮಾಡಿದವರು ಉಳಿದ ಮಣ್ಣನ್ನು ಅದರ ಬಾಯಿಗೆ ಸುರಿದು ಹೋಗಿದ್ದರು, ಉಳಿದದ್ದನ್ನು ಹಳ್ಳವೂ ಊರೂ ಸೇರಿ ತುಂಬಿದ್ದವು. ಮೇಡಂ ಆಚೆ ಬಾಯಿಯಿಂದಲೂ ನೋಡಿ ಬಂದಳು. ಆಮೇಲೆ ಮಾವಶಿಯ ಮನೆಯ ಹಿಂದೆ ಹೋಗಿ, ಉಳಿದ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಉದ್ದಕ್ಕೂ ಎಳೆದಂತಿದ್ದ ಕೆಸರಿನ ಪಟ್ಟಿಯನ್ನು ಬೆರಳಿಂದ ಮುಟ್ಟಿದಳು. ಎಮ್ಮೆ ಮೈ ತಿಕ್ಕಿದ್ದು ಎಂದಳು ಮಾವಶಿ. ಎಮ್ಮೆ ಇಷ್ಟು ನೆಟ್ಟಗೆ ತಿಕ್ಕುವುದಿಲ್ಲ ಎಂದೆ ನಾನು. ನೆಟ್ಟಗಿನ ಗೆರೆಯ ವಿಷಯದಲ್ಲಿ ನನಗೆ ಅಧಿಕಾರವಿತ್ತು.  ಗೋಡೆಯನ್ನು ಕೆಡವಿದ್ದು ಮೇಲಿನ ಮಳೆಯಲ್ಲ, ಹಿಂದೆ ನಿಂತು ನೆನೆಸಿದ ನೀರು.

“ಸರ್, ನಿಮ್ಮ ತಪ್ಪು ಸರಿಯಾಗಿದೆ” ಎಂದಳು ಮೇಡಂ, ಮೆಲ್ಲಗೆ.

ಇಂಥ ಪ್ರಶಂಸೆ ನನಗೆ ಸೇವೆಯಲ್ಲಿದ್ದಾಗಲೂ ಸಿಕ್ಕಿರಲಿಲ್ಲ. ಆದರೆ ಅದರಿಂದ ಸಂತೋಷಪಡುವಂತಿರಲಿಲ್ಲ. ಗೆರೆ ಕೂಡಿಸಿದರೆ ಮಾವಶಿಗೆ ಮನೆ ಸಿಗುತ್ತದೆ, ಆ ಮನೆಯ ಹಿಂದೆ ನೀರು ನಿಲ್ಲುತ್ತದೆ. ಕೂಡಿಸದಿದ್ದರೆ ನಕಾಶೆ ಸತ್ಯವನ್ನೇ ಹೇಳುತ್ತದೆ, ಅವಳು ತಗಡಿನ ಕೆಳಗೆ ಕೂತು ಆ ಸತ್ಯವನ್ನು ನೋಡುತ್ತಾಳೆ. ಮಾರುತಿ ಗುಡಿಯ ಕಟ್ಟೆಯ ಮೇಲೆ ಜನ ಸೇರಿದಾಗ ನಾನು ಎದ್ದು, ಮೋರಿಯನ್ನು ತೆರೆದು ಕೊಡಿರಿ, ಬೆಳಕು ಕಂಡ ದಿನವೇ ಗೆರೆ ಕೂಡಿಸುತ್ತೇನೆ, ಕಾಣದಿದ್ದರೆ ನನ್ನ ಕೈಯಿಂದ ಆಗದು ಎಂದೆ. ಮಾವಶಿ ನನ್ನ ಮುಖ ನೋಡಿದಳು. ಮಳೆಗೆ ಎರಡು ವಾರವಷ್ಟೇ ಇತ್ತು.

ಮೋರಿ ಯಾರದು ಎಂಬುದು ಮೊದಲ ಪ್ರಶ್ನೆ. ಭಾವುಸಾಹೇಬರನ್ನು ಕರೆಸಿದರು. ಅವರು ಒಳ್ಳೆಯ ಮನುಷ್ಯರೇ. ತಮ್ಮ ಚೀಲದಿಂದ ನಮ್ಮ ನಕಾಶೆಯನ್ನೇ ತೆಗೆದು, ಕಟ್ಟೆಯ ಮೇಲೆ ಹರವಿ, ಬೆರಳಿಟ್ಟು ತೋರಿಸಿದರು. ನಕಾಶೆಯಲ್ಲಿ ಇಲ್ಲಿ ಮೋರಿಯಿಲ್ಲ. ಇಲ್ಲದ ಮೋರಿಯನ್ನು ಸ್ವಚ್ಛ ಮಾಡಿಸಲು ಆದೇಶ ಹೊರಡಿಸಲಾಗುವುದಿಲ್ಲ. ಮೊದಲು ನಕಾಶೆಯಲ್ಲಿ ಬರಲಿ, ತಕ್ಷಣ ಮಾಡಿಸೋಣ ಎಂದರು. ಸ್ವಚ್ಛವಾಗದೆ ನಕಾಶೆಯಲ್ಲಿ ಬರಲಾರದು ಎಂದಳು ಮೇಡಂ. ಹೌದು ಎಂದರು ಭಾವುಸಾಹೇಬರು. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡರು. 

ಅಷ್ಟರಲ್ಲಿ ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ತೆಗೆದುಕೊಂಡು ಮೋರಿಯ ಕಡೆ ನಡೆದುಬಿಟ್ಟಳು. ಹಿಂದೆ ಎರಡು ಮನೆಯ ಹೆಂಗಸರು ಹೋದರು. ಹೆಂಗಸರು ಹೋದ ಮೇಲೆ ಗಂಡಸರಿಗೆ ಕಟ್ಟೆಯ ಮೇಲೆ ಕೂರುವುದು ಕಠಿಣವಾಯಿತು. ಭಾವುಸಾಹೇಬರಿಗೆ ಧರ್ಮಸಂಕಟ. ಸರಕಾರಿ ರಸ್ತೆಯ ಬುಡವನ್ನು ಜನ ಅವರ ಕಣ್ಣೆದುರೇ ಅಗೆಯುತ್ತಿದ್ದರು. ಅವರು ಸ್ವಲ್ಪ ಯೋಚಿಸಿ, ಬೋಟನ್ನು ತರಿಸಿದರು. ತೆಗೆದ ಹೂಳನ್ನು ಅದರಲ್ಲಿ ತುಂಬಿ, ಹಗ್ಗ ಕಟ್ಟಿ, ಇಳಿಜಾರಿನಲ್ಲಿ ಎಳೆದು ದೂರ ಚೆಲ್ಲಲು ಅದು ಬಹಳ ಅನುಕೂಲವಾಯಿತು. ಅವರು ಸೀಟಿ ಊದುತ್ತ ನಿಂತರು. ಆ ಐದು ದಿನದ ಕೆಲಸ ಕಾಗದದ ಮೇಲೆ ಬೋಟು ಚಾಲನೆಯ ತರಬೇತಿಯೆಂದು ದಾಖಲಾಗಿದೆ.

ಆರನೆಯ ದಿನ ನಾನು ಮತ್ತೆ ಹೋಗಿ ಮೊಣಕಾಲೂರಿದೆ. ಕಲ್ಲಿನ ಚೌಕಟ್ಟಿನ ಆ ತುದಿಯಲ್ಲಿ ಬೆಳಕಿತ್ತು. ಬೆಳಕಿನಲ್ಲಿ ಮಾವಶಿ ಕೂಡ ಬಗ್ಗಿ ಈ ಕಡೆ ನೋಡುತ್ತಿದ್ದಳು. ಫೋಟೋ ಹೊಡೆದೆ. ಸರಕಾರಿ ದಾಖಲೆಯಲ್ಲಿ ಮೋರಿಯ ಮಧ್ಯದಲ್ಲಿ ಒಂದು ಮುಖ ಕಾಣುವುದು ಈ ಕಾರಣಕ್ಕೆ.

ಹಡಪಸರಕ್ಕೆ ಬಂದು ಪರದೆಯ ಮುಂದೆ ಕೂತೆ. ರಸ್ತೆಯ ಅಂಚಿನಲ್ಲಿ ನಿಂತ ಗೆರೆಯನ್ನು ಆಚೆಗೆ ಎಳೆಯುವುದೆಂದರೆ ನನ್ನ ಮಟ್ಟಿಗೆ ಚಪ್ಪಲಿ ಹಾಕಿಕೊಂಡು ದೇವರಮನೆಗೆ ಹೋದಂತೆ. ಗೆಣ್ಣು ಒಮ್ಮೆ ಚುಳ್ ಎಂದಿತು. ಎಳೆದೆ. ಮೇಡಂ ಮಳೆ ಸುರಿಸಿದಳು. ಕೆರೆ ಒಮ್ಮೆ ನಡುಗಿ, ತೆಳ್ಳಗಾಗಿ, ಒಂದು ನೀಲಿ ದಾರವಾಗಿ ರಸ್ತೆಯ ಕೆಳಗೆ ನುಸುಳಿ ಹೋಯಿತು. ಶಾಲೆ ಎದ್ದಿತು, ಮಾರುತಿ ಎದ್ದ, ಹದಿನಾಲ್ಕು ಮನೆಗಳು ಎದ್ದವು. ಮೀನು ಸಾಕುವ ಗೃಹಸ್ಥ ಮಾತ್ರ ಮರುವಾರ ಫೋನು ಮಾಡಿ, ಒಬ್ಬಳ ಸಲುವಾಗಿ ಇಡೀ ಊರಿನ ಕೆರೆ ಒಣಗಿಸಿದಿರಿ ಎಂದು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡ.

ಮಾವಶಿಗೆ ಅನುಮತಿ ಸಿಕ್ಕಿತು. ಪಾಯ ತೋಡುವ ದಿನ ನಾವು ಬರಲೇಬೇಕೆಂದು ಅವಳ ಮಗ ಫೋನು ಮಾಡಿದ, ರಾಂಜಣಗಾಂವದಿಂದ ರಜೆ ಹಾಕಿ ಬಂದಿದ್ದ. ಹೆಂಡತಿಯೂ ನನ್ನ ಜೊತೆ ಹೊರಟಳು. ತಾನು ಕೇಳಿದ ಊರು ನಿಜವಾಗಿ ನೀರಿನ ಮೇಲಿದೆಯೋ ಇಲ್ಲವೋ ನೋಡಬೇಕಂತೆ. ಹೋದಾಗ ಮೋಡ ಗುಡ್ಡದ ಹೆಗಲ ತನಕ ಇಳಿದಿತ್ತು. ಹಳ್ಳದಲ್ಲಿ ಆಗಲೇ ಮೊಣಕಾಲುದ್ದ ಕೆಂಪು ನೀರು, ಮೋರಿಯೊಳಗಿಂದ ಸದ್ದು ಮಾಡುತ್ತ ಆಚೆ ಹೋಗುತ್ತಿತ್ತು. ನಾನು ಅದನ್ನು ಕೆಲಹೊತ್ತು ನನ್ನದೇ ಎಂಬಂತೆ ನೋಡಿದೆ.

ಕಲ್ಲು ಕಟ್ಟುವ ಗೌಂಡಿ ಬಂದು ಪಾಯದ ಮೇಲೆ ಮನೆಯ ಕಟ್ಟೆ ಎಷ್ಟು ಎತ್ತರ ಎಂದು ಕೇಳಿದ. ಇಂಥ ಪ್ರಶ್ನೆಗೆ ನಾನು ಸಿದ್ಧನಾಗಿಯೇ ಬಂದಿದ್ದೆ. ತಿದ್ದಿದ ನಕಾಶೆ ಬಿಡಿಸಿ, ನೀರು ಈ ಜಾಗಕ್ಕೆ ಬರುವುದೇ ಇಲ್ಲ, ಒಂದು ಫೂಟು ಧಾರಾಳವಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಗೌಂಡಿ ಮಾವಶಿಯ ಕಡೆ ನೋಡಿದ. ಅವಳು ಕೈಯನ್ನು ತನ್ನ ಸೊಂಟಕ್ಕೆ ಅಡ್ಡ ಹಿಡಿದು ತೋರಿಸಿದಳು.

ನನಗೆ ನೋವಾಯಿತು. ನಕಾಶೆ ಈಗ ಸರಿಯಿದೆ, ನಾನೇ ಕೂತು ತಿದ್ದಿದ್ದೇನೆ, ಇನ್ನೂ ನಂಬಿಕೆ ಇಲ್ಲವೇ ಎಂದೆ.

“ನಿಮ್ಮ ಗೆರಿ ಮ್ಯಾಲೆ ನಂಬಿಕಿ ಅದ, ಅಣ್ಣಾ. ಅದು ಇನ್ನ ಎಂದೂ ಮುಚ್ಚಂಗಿಲ್ಲ” ಎಂದಳು ಮಾವಶಿ. “ಖರೇ ಮೋರಿದು ವರ್ಷಾವರ್ಷಾ ಹೂಳ ತಗಿಯೋರು ನಮ್ಮೂರಾಗ ಯಾರದಾರ ಹೇಳ್ರಿ? ಈ ವರ್ಷ ನೀವು ಬಂದ್ರಿ, ತಗದ್ವಿ. ಬರೋ ವರ್ಷ ಸೊಸಿ ಕೂಸು ಇದ ಮನ್ಯಾಗ ಮಲಗ್ತದ.”

  ಹೆಂಡತಿ ನನ್ನ ಕೈಯಿಂದ ನಕಾಶೆಯನ್ನು ತೆಗೆದುಕೊಂಡು ಮಡಚಿ ತನ್ನ ಚೀಲಕ್ಕೆ ಹಾಕಿದಳು. ನಾನು ಒಂದು ಫೂಟು ಎಂದಿದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಗೌಂಡಿ ಸೊಂಟದೆತ್ತರಕ್ಕೆ ದಾರ ಕಟ್ಟಿದ. ಹನಿ ಶುರುವಾಗಿತ್ತು, ಕಲ್ಲು ಬಹಳ ಇದ್ದವು. ಅವನ್ನು ಕೈಯಿಂದ ಕೈಗೆ ಕೊಡುವವರ ಸಾಲಿನಲ್ಲಿ ಒಂದು ಜಾಗ ಖಾಲಿ ಕಂಡಿತು, ಹೋಗಿ ನಿಂತೆ.